ಎತ್ತರದ ಬೆಲೆ

6 ಅಡಿ 10 ಅಂಗುಲದ ದೇಹ, ದಪ್ಪ ಗಾಜಿನ ಕನ್ನಡಕ, ತಡವರಿಸುವ ಕಾಲು: ಅಮೆರಿಕೆಯ ಜಾರ್ಜ್ ಮೈಕನ್ ಎಂಬ ತರುಣನಲ್ಲಿ ಮೊದಲು ಕಾಣುತ್ತಿದ್ದುದು ಇಷ್ಟೆ. ನೋಟರ್ ಡೇಮ್ ವಿಶ್ವವಿದ್ಯಾನಿಲಯದ ಬ್ಯಾಸ್ಕೆಟ್‌ಬಾಲ್ ಶಿಕ್ಷಕರು ಆತನನ್ನು ಪರೀಕ್ಷಿಸಿ ಹಿಂದಕ್ಕೆ ಕಳುಹಿಸಿದರು. ಅವರು ಕಂಡುದೇನೂ ಸುಳ್ಳಲ್ಲ; ಆ ದೇಹಕ್ಕೆ ಕಲಿಯುವ ಹಸಿವಿದ್ದಿತೆಂಬುದು ಮಾತ್ರ ಕಣ್ಣಿಗೆ ಬೀಳಲಿಲ್ಲ.

1942ರಲ್ಲಿ ಷಿಕಾಗೋ ನಗರದ ಡಿಪಾಲ್ ವಿಶ್ವವಿದ್ಯಾನಿಲಯಕ್ಕೆ ಶಿಕ್ಷಕರಾಗಿ ಬಂದ ರೇ ಮೇಯರ್ ಅವರು ಈ ಹುಡುಗನಿಂದ ಹಗ್ಗ ಹಾರಿಸಿದರು, ಮುಷ್ಟಿಯುದ್ಧ ಮಾಡಿಸಿದರು, ನರ್ತನವನ್ನೂ ಕಲಿಸಿದರು. ನಗುವವರು ನಗಲಿ! ಬುಟ್ಟಿಯ ಕೆಳಗೆ ನಿಂತು ಒಮ್ಮೆ ಬಲಗೈಯಿಂದ, ಒಮ್ಮೆ ಎಡಗೈಯಿಂದ ಚೆಂಡೆಸೆಯುವ ಆ ಅಭ್ಯಾಸವು ಇಂದಿಗೂ ಮೈಕನ್ನನ ಹೆಸರಿನಿಂದಲೇ ನಡೆದಿದೆ. ಬುಟ್ಟಿಗಿಳಿಯುವ ಚೆಂಡನ್ನು ಆತನೂ ಓಕ್ಲಹೋಮದ ಬಾಬ್ ಕರ್ಲಂಡನೂ ಮೇಲೆಯೇ ತಡೆಯತೊಡಗಲು, 1944ರಲ್ಲಿ ಕಾಲೇಜು ಪಂದ್ಯಗಳಲ್ಲಿ ಅದನ್ನು ನಿಷೇಧಿಸಬೇಕಾಯಿತು.

ಆದರೆ ಹುಡುಗರ ನಡುವೆ ಗೆದ್ದ ಎತ್ತರವು ಹಣಕ್ಕಾಗಿ ಆಡುವ ಗಂಡಸರ ನಡುವೆ ಸಂದೀತೇ? 1946ರಲ್ಲಿ ಆತನು ವೃತ್ತಿಯ ಆಟಕ್ಕಿಳಿದನು. 1949ರಿಂದ 1954ರ ವರೆಗೆ ಆತನ ಮಿನಿಯಾಪೊಲಿಸ್ ಲೇಕರ್ಸ್ ತಂಡವು ಐದು ಸಲ ಪಟ್ಟವೇರಿತು. ಆತನನ್ನು ಬುಟ್ಟಿಯಿಂದ ದೂರವಿಡಲೆಂದು, ಆಕ್ರಮಿಸುವವನು ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದ ಬುಟ್ಟಿಯ ಮುಂದಣ ಪಟ್ಟಿಯನ್ನು 1951ರಲ್ಲಿ 6 ಅಡಿಯಿಂದ 12 ಅಡಿಗೆ ಅಗಲಿಸಿದರು. 1952ರ ಪಟ್ಟವೂ ಲೇಕರ್ಸರಿಗೇ ಹೋಯಿತು.