ಅರೇಹಳ್ಳಿಗೆ ಬಂದ ಬಟ್ಟಲು

ಅರಸೀಕೆರೆಯಲ್ಲಿ ರೈಲಿಳಿದು ಬಸ್ಸು ಹತ್ತಿದರೆ ಹಳೇಬೀಡಿನವರೆಗೂ ತೆಂಗಿನ ತೋಟ, ರಾಗಿ ಹೊಲ, ಒಣ ಗಾಳಿ. ಬೇಲೂರು ದಾಟಿದ ಮೇಲೆ ದಾರಿಯ ಬಣ್ಣವೇ ಬದಲಾಗುತ್ತದೆ. ಸಿಲ್ವರ್ ಓಕ್ ಮರಗಳು, ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಅದರ ನೆರಳಲ್ಲಿ ಕಾಫಿ. 2025ರ ಜನವರಿಯಲ್ಲಿ ನಾನು ಅರೇಹಳ್ಳಿಗೆ ಹೋದಾಗ ಕೊಯ್ಲಿನ ಕಾಲ. ಮನೆ ಮನೆಯ ಕಣದಲ್ಲೂ ಕಾಫಿ ಹಣ್ಣು ಒಣಗುತ್ತಿತ್ತು. ಆ ವರ್ಷ ಬೆಲೆ ಚೆನ್ನಾಗಿದ್ದುದರಿಂದ ಎಲ್ಲರ ಮುಖವೂ ಸ್ವಲ್ಪ ಅರಳಿತ್ತು.

ನನ್ನ ಖಾಲಾ ಮದುವೆಯಾಗಿ ಬಂದದ್ದು ಈ ಊರಿಗೆ. ನಾನು ಮದ್ರಸದಲ್ಲಿ ಓದುತ್ತಿದ್ದ ದಿನಗಳಲ್ಲಿ ರಜೆ ಬಂತೆಂದರೆ ಇಲ್ಲಿಗೇ ಓಡಿ ಬರುತ್ತಿದ್ದೆ. ಈ ಸಲ ಹೋದದ್ದು ಬಹಳ ವರ್ಷಗಳ ನಂತರ. ಝುಹ್ರ್ ನಮಾಝ್ ಮುಗಿಸಿ ಅಡುಗೆಮನೆಗೆ ಹೋದರೆ ಖಾಲಾ ನನಗೆ ಲೋಟದಲ್ಲಿ ಕಾಫಿ ಕೊಟ್ಟು, ತಾವು ಮಾತ್ರ ಹಿಡಿಯೇ ಇಲ್ಲದ ಒಂದು ಮಣ್ಣಿನ ಬಟ್ಟಲನ್ನು ಎರಡೂ ಕೈಗಳಲ್ಲಿ ಹಿಡಿದು ಕುಳಿತರು. ಬಟ್ಟಲು ಸ್ವಲ್ಪ ಓರೆ. ಬಣ್ಣ ಹಾಲು ಹೆಚ್ಚಾದ ಕಾಫಿಯಂತೆ. ಮೈ ತುಂಬ ಕೂದಲೆಳೆಯಂಥ ಬಿರುಕುಗಳು.

"ಇದೇನು ಖಾಲಾ, ಒಡಕು ಬಟ್ಟಲಲ್ಲಿ ಕುಡೀತೀರಿ?" ಎಂದೆ.

"ಒಡಕಲ್ಲ ಮಗಳೇ, ಜಪಾನಿನದು. ಎಂಟು ಸಾವಿರ ರೂಪಾಯಿಯಂತೆ," ಎಂದು ನಕ್ಕರು.

ಖಾಲಾರ ಕಿರಿಯ ಮಗ ಹಿರೋಷಿಮಾದಲ್ಲಿ ಕೆಲಸದಲ್ಲಿದ್ದಾನೆ. ಎರಡು ವರ್ಷದ ಹಿಂದೆ ರಜೆಗೆ ಬಂದಾಗ ಅಮ್ಮಿಗೆಂದು ತಂದದ್ದು ಇದೊಂದೇ. ತೆಳು ಮರದ ಪೆಟ್ಟಿಗೆ, ಅದರ ಮುಚ್ಚಳದ ಮೇಲೆ ಶಾಯಿಯಲ್ಲಿ ಮಾಡಿದವನ ಹೆಸರು, ಒಳಗೆ ಹಳದಿ ಬಟ್ಟೆಯಲ್ಲಿ ಸುತ್ತಿದ ಬಟ್ಟಲು. ಬಿಚ್ಚಿ ನೋಡಿದ ಖಾಲಾರಿಗೆ ಮೊದಲು ಕಂಡದ್ದು ಅದರ ಬುಡ. ಬುಡದ ಬಳೆಯಲ್ಲಿ ಒಂದು ಕಡೆ ಕಚ್ಚು ಬಿದ್ದಿತ್ತು. "ಪಾಪ, ಹುಡುಗನಿಗೆ ಅಂಗಡಿಯವನು ಮೋಸ ಮಾಡಿದ್ದಾನೆ" ಎಂದುಕೊಂಡು, ಅವನಿಗೆ ಬೇಜಾರಾಗದಿರಲೆಂದು ಸುಮ್ಮನಿದ್ದರಂತೆ. ಅವನು ವಾಪಸು ಹೋದ ಮೇಲೆ ಅದರಲ್ಲಿ ಉಪ್ಪು ತುಂಬಿಟ್ಟಿದ್ದರು. ಒಂದು ದಿನ ವೀಡಿಯೋ ಕಾಲ್‌ನಲ್ಲಿ ಅವನ ಕಣ್ಣಿಗೆ ಉಪ್ಪಿನ ಬಟ್ಟಲು ಬಿತ್ತು. ಆಮೇಲೆ ನಡೆದದ್ದು ಅರ್ಧ ಗಂಟೆಯ ಪಾಠ.

ಆ ಪಾಠವನ್ನು ನಾನೂ ಆ ಸಂಜೆ ಫೋನಿನಲ್ಲಿ ಕೇಳಿದೆ, ಊರಿಗೆ ಮರಳಿ ಪುಸ್ತಕಗಳನ್ನೂ ನೋಡಿದೆ. ಬಟ್ಟಲು ಹಗಿ ಎಂಬ ಊರಿನದು. ಜಪಾನಿನ ದೊಡ್ಡ ದ್ವೀಪದ ಪಶ್ಚಿಮದ ತುದಿಯಲ್ಲಿರುವ ಸಣ್ಣ ಊರು. ಚಹಾ ಕೂಟಕ್ಕೆ ಬಳಸುವ ಬಟ್ಟಲುಗಳಲ್ಲಿ ಕ್ಯೋಟೋದ ರಾಕು ಮನೆತನದವುಗಳನ್ನು ಬಿಟ್ಟರೆ ಹಗಿಯವಕ್ಕೇ ಹೆಸರು. ಬುಡದ ಕಚ್ಚು ಕುಂಬಾರ ಬೇಕೆಂದೇ ಕತ್ತರಿಸಿದ್ದು, ಅದು ಆ ಊರಿನ ಗುರುತು. ಮೈಮೇಲಿನ ಬಿರುಕುಗಳು ಇರುವುದು ಹೊಳಪಿನ ಲೇಪದಲ್ಲಿ ಮಾತ್ರ. ಲೇಪವೂ ಮಣ್ಣೂ ತಣಿಯುವಾಗ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುವುದರಿಂದ ಹಾಗಾಗುತ್ತದೆ. ಮಣ್ಣು ಒರಟು, ಸೂಕ್ಷ್ಮ ರಂಧ್ರಗಳುಳ್ಳದ್ದು. ಬಿರುಕಿನ ಮೂಲಕ ಚಹಾ ನಿಧಾನವಾಗಿ ಒಳಗಿಳಿದು ವರ್ಷಗಳು ಕಳೆದಂತೆ ಬಟ್ಟಲಿನ ಬಣ್ಣವೇ ಬದಲಾಗುತ್ತದೆ. ಈ ಬದಲಾವಣೆಗೆ ಅಲ್ಲಿ ಬೆಲೆ ಹೆಚ್ಚು. ಖಾಲಾರ ಬಟ್ಟಲು ಎರಡು ವರ್ಷದಿಂದ ಕುಡಿದಿರುವುದು ಅರೇಹಳ್ಳಿಯ ಕಾಫಿ. ಅದರ ಬಿರುಕುಗಳೆಲ್ಲ ಈಗ ಕಂದು ಬಣ್ಣಕ್ಕೆ ತಿರುಗಿವೆ.

ಚಹಾ ಕೂಟದಲ್ಲಿ ಹಸಿರು ಚಹಾ ಎಲೆಯ ನುಣ್ಣನೆಯ ಪುಡಿಗೆ ಬಿಸಿನೀರು ಹಾಕಿ ಬಿದಿರಿನ ಕಡ್ಡಿಗಳ ಸಣ್ಣ ಕಡಗೋಲಿನಿಂದ ಬಟ್ಟಲಲ್ಲೇ ಕದಡುತ್ತಾರೆ. ಅತಿಥಿ ಬಟ್ಟಲನ್ನು ಬಲಗೈಯಿಂದ ತೆಗೆದು ಎಡ ಅಂಗೈ ಮೇಲಿಟ್ಟು, ಅದರ ಚೆಂದದ ಮುಖಕ್ಕೆ ತುಟಿ ತಾಗದಂತೆ ಸ್ವಲ್ಪ ತಿರುಗಿಸಿ ಕುಡಿಯುತ್ತಾನೆ. ಕುಡಿದ ಜಾಗವನ್ನು ಒರೆಸಿ, ಆಮೇಲೆ ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡುತ್ತಾನೆ. ನೋಡುವುದೂ ಕುಡಿಯುವಷ್ಟೇ ಮುಖ್ಯ. ಈ ಪದ್ಧತಿಗೆ ಸರಳತೆಯ ರೂಪ ಕೊಟ್ಟವರು 16ನೇ ಶತಮಾನದ ಸೆನ್ ನೊ ರಿಕ್ಯೂ. ಚೀನಾದಿಂದ ಬರುತ್ತಿದ್ದ ನುಣುಪಾದ ದುಬಾರಿ ಪಾತ್ರೆಗಳ ಬದಲು ಒರಟು ಮಣ್ಣಿನ ಬಟ್ಟಲುಗಳನ್ನು ಅವರು ಮೆಚ್ಚಿದರು.

ಆದರೆ ಸರಳತೆಯ ಈ ಕತೆಯಲ್ಲಿ ರಕ್ತವೂ ಇದೆ. ರಿಕ್ಯೂ ಚಹಾ ಮಾಡಿ ಕೊಡುತ್ತಿದ್ದುದು ಜಪಾನಿನ ಆಗಿನ ದೊಡ್ಡ ದೊರೆ ಹಿದೆಯೋಶಿಗೆ. ಅದೇ ದೊರೆ 1591ರಲ್ಲಿ ರಿಕ್ಯೂಗೆ ಹೊಟ್ಟೆ ಸೀಳಿಕೊಂಡು ಸಾಯುವ ಶಿಕ್ಷೆ ವಿಧಿಸಿದ. ಮರುವರ್ಷ ಕೊರಿಯಾದ ಮೇಲೆ ದಂಡು ಕಳಿಸಿದ. 1598ರವರೆಗೆ ನಡೆದ ಆ ಯುದ್ಧದಲ್ಲಿ ಜಪಾನಿನ ಸರದಾರರು ಕೊರಿಯಾದ ಕುಂಬಾರರನ್ನು ಹಿಡಿದು ತಂದರು. ಹಗಿಯ ಮೊದಲ ಆವಿಗೆಗಳನ್ನು ಹೂಡಿದವರು ಹಾಗೆ ಬಂದ ಅಣ್ಣತಮ್ಮಂದಿರು. ಎಳೆನೀರಿನಂಥ ತಣ್ಣನೆಯ ಮಾತಾಡುವವರೂ ಅಂಗೈಯಲ್ಲಿ ಬಟ್ಟಲು ಹಿಡಿದು ಅಂಥ ಕೆಲಸ ಮಾಡಬಲ್ಲರು. ಬಟ್ಟಲಿನ ಅಂದ ಕುಡಿಯುವವನ ಎದೆಗೆ ಇಳಿಯಲೇಬೇಕೆಂದಿಲ್ಲ.

ಜಪಾನಿನಲ್ಲಿ ರಾಷ್ಟ್ರೀಯ ಸಂಪತ್ತೆಂದು ಕಾಪಾಡಿರುವ ಚಹಾ ಬಟ್ಟಲುಗಳಲ್ಲಿ ಒಂದು ಕ್ಯೋಟೋದ ಬೌದ್ಧ ಮಠವೊಂದರಲ್ಲಿದೆ. ಅದು ಕೂಡ ಕೊರಿಯಾದ್ದು. 1931ರಲ್ಲಿ ಅದನ್ನು ನೋಡಿದ ಯಾನಗಿ ಸೋಯೆತ್ಸು ಎಂಬ ವಿದ್ವಾಂಸರ ಪ್ರಕಾರ ಅದು ಬಡವರು ಊಟಕ್ಕೆ ಬಳಸುತ್ತಿದ್ದ ಸಾದಾ ಬಟ್ಟಲು. ಈಗ ಅದರ ಹೆಸರು ಕಿಝಾಯೆಮೊನ್. ಅದು ಮಾಡಿದವನ ಹೆಸರಲ್ಲ, ಒಂದು ಕಾಲದಲ್ಲಿ ಅದನ್ನು ಇಟ್ಟುಕೊಂಡಿದ್ದ ಒಸಾಕಾದ ವ್ಯಾಪಾರಿಯದು. ಮಾಡಿದವನು ಯಾರೋ ಯಾರಿಗೂ ಗೊತ್ತಿಲ್ಲ.

ಇದನ್ನು ಓದುವಾಗ ನನಗೆ ಬೇಲೂರು ನೆನಪಾಯಿತು. 1117ರಲ್ಲಿ ಕಟ್ಟಿದ ಅಲ್ಲಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಎಂಬ ಶಿಲ್ಪಿಗಳ ಹೆಸರು ಕಲ್ಲಿನಲ್ಲೇ ಕೊರೆದಿದೆ. ಒಂಬೈನೂರು ವರ್ಷದ ನಂತರವೂ ಶಾಲೆಯ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ, 2023ರಲ್ಲಿ ಯುನೆಸ್ಕೋ ಕೂಡ ಆ ಗುಡಿಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಆ ದಾಸೋಜನಿಗೆ ಮಧ್ಯಾಹ್ನ ನೀರು ತಣ್ಣಗಿಟ್ಟ ಗಡಿಗೆ ಮಾಡಿದವನ ಹೆಸರು ಎಲ್ಲಿಯೂ ಇಲ್ಲ.

ನಾನು ಹೋದ ಮೂರನೇ ದಿನ ಖಾಲಾರ ಮೊಮ್ಮಗಳ ಕೈತಪ್ಪಿ ಬಟ್ಟಲು ಬಚ್ಚಲ ಕಲ್ಲಿಗೆ ತಾಗಿತು. ಅಂಚಿನಿಂದ ಉಗುರಿನಷ್ಟು ಚಕ್ಕೆ ಎದ್ದಿತು. ಮಗುವಿಗಿಂತ ಮೊದಲು ಖಾಲಾರ ಕಣ್ಣಲ್ಲೇ ನೀರು. ಮಗನಿಗೆ ಫೋನ್ ಮಾಡಿದರೆ ಅವನು, "ಎಸೀಬೇಡಿ ಅಮ್ಮೀ, ಇಲ್ಲಿ ಇಂಥದ್ದನ್ನು ಚಿನ್ನದ ಪುಡಿ ಹಾಕಿ ಸರಿಮಾಡ್ತಾರೆ" ಎಂದ. ಉರುಶಿ ಎಂಬ ಮರದ ಅಂಟಿನಿಂದ ಕೂಡಿಸಿ ಅದರ ಮೇಲೆ ಚಿನ್ನದ ಪುಡಿ ಉದುರಿಸುತ್ತಾರೆ. ಆ ಮರ ನಮ್ಮ ಮಾವು, ಗೇರಿನ ಕುಲದ್ದೇ. ಮಲೆನಾಡಿನಲ್ಲಿ ಚೇರೆ ಮರದ ಹಾಲು ತಾಗಿ ಮೈ ಸುಟ್ಟುಕೊಂಡವರಿಗೆ ಅದರ ಗುಣ ಬೇರೆ ಹೇಳಬೇಕಿಲ್ಲ. ಆ ಅಂಟು ಗಟ್ಟಿಯಾಗಲು ಬಿಸಿಲಲ್ಲ, ತೇವದ ಗಾಳಿ ಬೇಕು. ಅರೇಹಳ್ಳಿಯ ಜುಲೈ ತಿಂಗಳು ಅದಕ್ಕೆ ಹೇಳಿ ಮಾಡಿಸಿದ್ದು ಎನಿಸಿತು.

ಮದ್ರಸದಲ್ಲಿ ಬುಖಾರಿ ಓದಿದ ನನಗೆ ಬೇರೊಂದು ನೆನಪು ಬಂತು. ಪ್ರವಾದಿಯವರ(ಸ) ಬಟ್ಟಲು ಒಡೆದಾಗ ಬಿರುಕಿನ ಜಾಗವನ್ನು ಬೆಳ್ಳಿಯ ಸರಪಣಿಯಿಂದ ಕೂಡಿಸಲಾಯಿತು ಎಂದು ಹ. ಅನಸ್(ರ) ವರದಿ ಮಾಡಿದ್ದಾರೆ. ಖಾಲಾರಿಗೆ ಅದನ್ನು ಹೇಳಿದೆ. ಅವರಿಗೆ ಸ್ವಲ್ಪ ಸಮಾಧಾನವಾಯಿತು. "ಹಾಗಾದರೆ ಶೆಟ್ಟರ ಹತ್ತಿರ ತೋರಿಸೋಣ" ಎಂದು ಬುರ್ಖಾ ಹಾಕಿಕೊಂಡು ಹೊರಟೇಬಿಟ್ಟರು.

ಶೆಟ್ಟರೆಂದರೆ ಅರೇಹಳ್ಳಿಯಿಂದ ಸ್ವಲ್ಪ ದೂರದ ಹಳ್ಳಿಯಲ್ಲಿರುವ ಮುದುಕ ಕುಂಬಾರರು. ನಾನು ಚಿಕ್ಕವಳಿದ್ದಾಗ ನೀರಿನ ಗಡಿಗೆ, ಮೀನು ಸಾರಿನ ಮಡಕೆ ಎಲ್ಲ ಅವರ ಮನೆಯದೇ. ಈಗ ಮನೆ ಮುಂದೆ ಆವಿಗೆಯ ಜಾಗದಲ್ಲಿ ಮಗನ ಆಟೋ ನಿಂತಿತ್ತು. ಶೆಟ್ಟರು ಬಟ್ಟಲನ್ನು ಕೈಗೆ ತೆಗೆದುಕೊಂಡು ಮೊದಲು ನೋಡಿದ್ದು ಅಂಚನ್ನಲ್ಲ. ತಿರುವಿ ಹಾಕಿ ಬುಡವನ್ನು ಹೆಬ್ಬೆರಳಿನಿಂದ ಸವರಿದರು. "ತಿಗರಿ ಮೇಲೆ ಎತ್ತಿದ್ದು. ನಿಧಾನಕ್ಕೆ ಎತ್ತವ್ನೆ. ಅರೆ ಒಣಗಿದ ಮೇಲೆ ಬುಡ ಕೆತ್ತವ್ನೆ. ಇಲ್ಲಿ ನೋಡಿ, ಬೆರಳು ನಿಂತದೆ," ಎಂದು ಒಳಗಿನ ಒಂದು ಗೆರೆ ತೋರಿಸಿದರು. ಎರಡು ವರ್ಷ ಆ ಬಟ್ಟಲಲ್ಲಿ ಕುಡಿದ ಖಾಲಾ ಆ ಗೆರೆಯನ್ನು ನೋಡಿರಲಿಲ್ಲ.

ಸರಿಮಾಡಲು ಮಾತ್ರ ಆಗದೆಂದರು. ಸುಟ್ಟ ಮಣ್ಣಿಗೆ ಹಸಿ ಮಣ್ಣು ಅಂಟುವುದಿಲ್ಲ. ಆಮೇಲೆ, "ಎಷ್ಟಾಯ್ತು ಬೂಬಮ್ಮೋರೆ ಇದಕ್ಕೆ?" ಎಂದು ಕೇಳಿದರು. ಖಾಲಾ ಸುಳ್ಳು ಹೇಳಲಾರದೆ ಹೇಳಿದರು. ಶೆಟ್ಟರು ಏನೂ ಅನ್ನಲಿಲ್ಲ. ಬಟ್ಟಲನ್ನು ಇನ್ನೊಮ್ಮೆ ತಿರುಗಿಸಿ ನೋಡಿ ಜೋಪಾನವಾಗಿ ಖಾಲಾರ ಕೈಗಿಟ್ಟರು.

ದಾರಿಯಲ್ಲಿ ಖಾಲಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಾವಾಗಿಯೇ ಹೇಳಿದರು: "ಇವರ ಹತ್ತಿರ ಗಡಿಗೆ ತಗೊಳ್ಳುವಾಗ ಬೆರಳಲ್ಲಿ ಬಡಿದು, ಶಬ್ದ ಕೇಳಿ, ಎರಡು ರೂಪಾಯಿ ಕಡಿಮೆ ಮಾಡಿಸ್ತಿದ್ದೆ ಮಗಳೇ. ಅದೂ ಒಂದೊಂದು ಸಲ ನಾಳೆ ಕೊಡ್ತೀನಿ ಅಂತ." ಬಡಿದು ನೋಡಿ ಕೊಳ್ಳುವುದು ತಪ್ಪಲ್ಲ, ಗಡಿಗೆ ಹಾಗೆಯೇ ಕೊಳ್ಳಬೇಕು. ಆದರೆ ಆ ಎರಡು ರೂಪಾಯಿಯ ಮಾತಿಗೆ ನಾನು ಸಮಾಧಾನ ಹೇಳಲಿಲ್ಲ. ನಮ್ಮ ಅಮ್ಮಿಯೂ ಹಾಗೆಯೇ ಮಾಡುತ್ತಿದ್ದರು, ನಾನೂ ಮಾಡಿದ್ದೇನೆ.

ಕಾಫಿಗೂ ಮಣ್ಣಿನ ಪಾತ್ರೆಗೂ ಹಳೆಯ ನಂಟಿದೆ. ಜಪಾನಿನಲ್ಲಿ ಬೌದ್ಧ ಭಿಕ್ಷುಗಳು ಧ್ಯಾನದಲ್ಲಿ ನಿದ್ದೆ ಬಾರದಿರಲೆಂದು ಚಹಾ ಕುಡಿದಂತೆಯೇ, ಯಮನ್‌ನ ಸೂಫಿಗಳು ರಾತ್ರಿಯ ದ್ಸಿಕ್ರ್‌ಗೆ ಎಚ್ಚರವಿರಲು ಕಾಫಿ ಕುಡಿಯುತ್ತಿದ್ದರು. ಕೆಂಪು ಮಣ್ಣಿನ ದೊಡ್ಡ ಪಾತ್ರೆಯಿಂದ ಗುರುಗಳು ತೋಡಿ ಕೊಡುತ್ತಿದ್ದರು, ಅದು ಬಲಗಡೆಯಿಂದ ಎಲ್ಲರಿಗೂ ಹೋಗುತ್ತಿತ್ತು ಎಂದು 16ನೇ ಶತಮಾನದ ಅಲ್ ಜಝೀರಿಯವರ ಗ್ರಂಥದಲ್ಲಿದೆ. ಅದೇ ಯಮನ್‌ನಿಂದ ಬಾಬಾ ಬುಡನ್‌ರವರು ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರೆಂಬುದು ಪ್ರತೀತಿ. ಬೀಜ ಬಂತು, ಬೆಳೆಯಿತು, ಅರೇಹಳ್ಳಿಯಂಥ ಊರುಗಳನ್ನು ಸಾಕಿತು. ಕೆಂಪು ಮಣ್ಣಿನ ಪಾತ್ರೆ ಮಾತ್ರ ನಮ್ಮ ಅಡುಗೆಮನೆಗಳಿಂದ ಹೊರಗೆ ಹೋಯಿತು. ಸ್ಟೀಲ್ ಬಂದದ್ದು ಹೆಂಗಸರಿಗೆ ಅನುಕೂಲವೇ. ಅದನ್ನು ಬೇಡ ಎನ್ನಲು ನಾನು ಸಿದ್ಧಳಿಲ್ಲ. ಮಸಿ ಹಿಡಿದ ಮಡಕೆ ತಿಕ್ಕಿದ ಕೈಗಳಿಗೆ ಅದು ಗೊತ್ತು.

ನಾನು ಹೊರಡುವ ಹಿಂದಿನ ದಿನ ಖಾಲಾ ಮತ್ತೆ ಶೆಟ್ಟರ ಮನೆಗೆ ಹೋಗಿ ಕಾಫಿಗೆ ಆರು ಬಟ್ಟಲು ಬೇಕೆಂದರು. ತಿಗರಿ ಹುಲ್ಲಿನ ಕೆಳಗಿದೆ, ಕೆರೆ ಮಣ್ಣು ತಂದು ನೆನೆಹಾಕಬೇಕು, ಒಂದು ಆವಿಗೆಗೆ ಆರೇ ಬಟ್ಟಲು ಸುಡಲಾಗುವುದಿಲ್ಲ ಎಂದು ಶೆಟ್ಟರು ಸಬೂಬು ಹೇಳಿದರು. ಹಾಗಾದರೆ ಮೊಸರಿನ ಕುಡಿಕೆ, ಹೂಕುಂಡ, ಏನಾದರೂ ಸೇರಿಸಿ ಸುಡಿ, ಎಲ್ಲವನ್ನೂ ನಾನೇ ಕೊಳ್ಳುತ್ತೇನೆ ಎಂದರು ಖಾಲಾ. ಬೆಲೆ ಮಾತ್ರ ನೀವೇ ಹೇಳಿ ಎಂದರು. ಶೆಟ್ಟರು ಬಟ್ಟಲಿಗೆ ನಲವತ್ತು ರೂಪಾಯಿ ಎಂದರು. ಖಾಲಾ ನೂರು ಎಂದರು. ಅಂಥ ಚೌಕಾಸಿಯನ್ನು ನಾನು ಕಂಡದ್ದು ಅದೇ ಮೊದಲು. ಅರುವತ್ತಕ್ಕೆ ಒಪ್ಪಿಗೆಯಾಯಿತು.

ಏಪ್ರಿಲ್‌ನಲ್ಲಿ ಖಾಲಾರ ಫೋನ್ ಬಂತು. ಆವಿಗೆಯಲ್ಲಿ ಎರಡು ಒಡೆದು ನಾಲ್ಕು ಬಂದಿವೆ. ಲೇಪವಿಲ್ಲದ ಮಣ್ಣು, ಕಾಫಿ ಹಾಕಿದರೆ ಹೊರಗೆಲ್ಲ ಬೆವರುತ್ತದೆ, ಕೊನೆಯ ಗುಟುಕಿನಲ್ಲಿ ಮಣ್ಣಿನ ವಾಸನೆ ಎಂದು ದೂರು. ಮಗನ ಬಟ್ಟಲನ್ನು ಚಕ್ಕೆ ಎದ್ದ ಜಾಗ ತುಟಿಗೆ ತಾಗದಂತೆ ತಿರುಗಿಸಿ ಕುಡಿಯುತ್ತಿದ್ದಾರಂತೆ. ಶೆಟ್ಟರ ಬಟ್ಟಲುಗಳಲ್ಲಿ ಮೊಸರಿಗೆ ಹೆಪ್ಪು ಹಾಕುತ್ತಾರೆ. ಚಾಕುವಿನಲ್ಲಿ ಕತ್ತರಿಸುವಷ್ಟು ಗಟ್ಟಿ ಬರುತ್ತದಂತೆ. ಪಕ್ಕದ ಮನೆಯವರು ನೋಡಿ ತಮಗೂ ನಾಲ್ಕು ಬೇಕೆಂದಿದ್ದಾರೆ.