ಒಂದು ಪೆಟ್ಟಿಗೆ, ಎರಡು ಮೇಜು

ಅಣ್ಣಿಗೇರಿಯ ಹೆಸರೆತ್ತಿದರೆ ಓದು ಬಲ್ಲವರಿಗೆ ಆದಿಕವಿ ಪಂಪನ ತಾಯಿಯ ತವರು ನೆನಪಾಗುತ್ತದೆ. ಊರು ಸುತ್ತಿದವರಿಗೆ ಹನ್ನೊಂದನೆಯ ಶತಮಾನದ ಅಮೃತೇಶ್ವರ ದೇವಾಲಯ. ಮದುವೆಯ ಕಾಲದಲ್ಲಿ ಮಾತ್ರ ಕೆಲವರು ಇವೆರಡನ್ನೂ ಬಿಟ್ಟು, ಪೇಟೆಯ ಓಣಿಯೊಂದರಲ್ಲಿ ಮಾಳಿಗೆಯ ಮೇಲಿರುವ ಕೋಣೆಯನ್ನು ಹುಡುಕಿಕೊಂಡು ಬರುತ್ತಾರೆ. ಅಲ್ಲಿ ಅಣ್ಣತಮ್ಮಂದಿರಿಬ್ಬರು ಮದುವೆಯ ವಿಡಿಯೋ ತೆಗೆದು, ಕತ್ತರಿಸಿ, ಜೋಡಿಸಿ ಕೊಡುತ್ತಾರೆ.

ಅಣ್ಣ ಕತ್ತರಿಸುವವನು, ತಮ್ಮ ಬಣ್ಣವನ್ನೂ ಧ್ವನಿಯನ್ನೂ ತಿದ್ದುವವನು. ಹೊರಗಿನವರಿಗೆ ಇದು ಕುಳಿತು ತಿನ್ನುವ ಉದ್ಯೋಗವಾಗಿ ಕಾಣುವುದು ಸಹಜ. ಆದರೆ ಅವರು ಬಳಸುವ ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್ಟಿನಂತೆ ಚಿತ್ರವನ್ನು ಸುರಿಯುತ್ತದೆ. ಎಂಟು ಬಿಟ್ಟಿಗೆ ಒಂದು ಬೈಟೆಂದು ಲೆಕ್ಕ ಹಾಕಿದರೆ ಗಂಟೆಗೆ 45 ಗಿಗಾಬೈಟು. ಎರಡು ಕ್ಯಾಮೆರಾ ಹಿಡಿದು, ಸುರಗಿ ಸುತ್ತಿದಲ್ಲಿಂದ ಹೆಣ್ಣು ಒಪ್ಪಿಸುವವರೆಗೆ ಒಂದೊಂದರಲ್ಲಿ ಐದು ಗಂಟೆ ತೆಗೆದರೂ 450 ಗಿಗಾಬೈಟಾಯಿತು. ಇದನ್ನೆಲ್ಲ ಅವರು ಬಹು ದಿನ ಕೈಯಲ್ಲೇ ಹೊತ್ತರು. ಅಣ್ಣನ ಮೇಜಿನ ಹಾರ್ಡ್ ಡಿಸ್ಕು ತಮ್ಮನ ಮೇಜಿಗೆ ಹೋಗಬೇಕು. ಅಲ್ಲಿ ತಿದ್ದಿದ್ದು ಮರಳಿ ಇಲ್ಲಿಗೆ ಬರಬೇಕು. ಒಂದೇ ಮದುವೆಗೆ ಎರಡು ಪ್ರತಿ, ಕೆಲವೊಮ್ಮೆ ಮೂರು. ಯಾವುದು ಹೊಸದು, ಯಾವುದು ಹಳೆಯದು ಎಂಬುದು ಇಬ್ಬರ ನೆನಪಿನಲ್ಲಿತ್ತೇ ಹೊರತು ಎಲ್ಲಿಯೂ ಬರೆದಿಡಲ್ಪಟ್ಟಿರಲಿಲ್ಲ.

2019ರ ಬೇಸಿಗೆಯಲ್ಲಿ ಆ ನೆನಪು ಕೈಕೊಟ್ಟಿತು. ನವಲಗುಂದದ ಕಡೆಯ ಒಂದು ಮದುವೆ. ಮದುಮಗಳ ಆಯಿ ಹಂದರದ ಕಂಬಕ್ಕೆ ಒರಗಿ ಕುಳಿತು ಸೋಬಾನೆ ಹಾಡಿದ್ದಳು. ಹಾಡು ಉದ್ದವಾಯಿತೆಂದು ಮನೆಯವರಿಗೆ ಕೊಟ್ಟ ಚಿತ್ರದಲ್ಲಿ ಅದರ ಒಂದು ಸಾಲನ್ನಷ್ಟೆ ಉಳಿಸಿದ್ದರು. ಮೂರು ತಿಂಗಳಿಗೆ ಆಯಿ ತೀರಿಕೊಂಡಳು. ಮೊಮ್ಮಗಳು ಬಂದು ಪೂರ್ತಿ ಹಾಡನ್ನು ಕೇಳಿದಾಗ ಅಣ್ಣ ತಮ್ಮನ ಮುಖ ನೋಡಿದ. ತಮ್ಮ ಅಣ್ಣನ ಮುಖ ನೋಡಿದ. ಮೂಲ ತಮ್ಮನಲ್ಲಿದೆಯೆಂದು ಅಣ್ಣ ತನ್ನದನ್ನು ಅಳಿಸಿದ್ದ. ಅಣ್ಣನಲ್ಲಿದೆಯೆಂದು ತಮ್ಮ ತನ್ನದನ್ನು ಅಳಿಸಿದ್ದ. ಡಿಸ್ಕುಗಳಲ್ಲಿ ಜಾಗವಿರಲಿಲ್ಲ, ಮುಂದಿನ ಮದುವೆ ಬಾಗಿಲಿಗೆ ಬಂದಿತ್ತು. ಇಬ್ಬರದೂ ನ್ಯಾಯವಾದ ಕಾರಣವೇ. ಆ ಹುಡುಗಿ ಜಗಳವಾಡಲಿಲ್ಲ, ಕೊಟ್ಟ ಹಣದ ಮಾತೆತ್ತಲಿಲ್ಲ. "ಇರಲಿ ಬಿಡ್ರಿ ಅಣ್ಣಾರ" ಎಂದು ಮೆಟ್ಟಿಲಿಳಿದು ಹೋದಳು. ಅವಳು ನಾಲ್ಕು ಮಾತು ಬೈದಿದ್ದರೆ ಅಣ್ಣತಮ್ಮಂದಿರಿಗೆ ಆ ರಾತ್ರಿ ಊಟವಾದರೂ ಸೇರುತ್ತಿತ್ತು. ವಾರದವರೆಗೆ ಒಬ್ಬರೊಡನೊಬ್ಬರು ಮಾತನಾಡಲಿಲ್ಲ.

ಮರುವರ್ಷ ಸಾಲ ಮಾಡಿ ಒಂದು ಪೆಟ್ಟಿಗೆಯನ್ನು ತಂದರು. ನಾಲ್ಕು ಡಿಸ್ಕುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು, ಈಥರ್ನೆಟ್ ತಂತಿಯ ಮೂಲಕ ಎರಡೂ ಮೇಜುಗಳಿಗೆ ಏಕಕಾಲಕ್ಕೆ ಚಿತ್ರ ಉಣಬಡಿಸುವ ಸಂಗ್ರಹ ಅದು. ಕಂಪ್ಯೂಟರಿನವರು ನಾಸ್ ಎನ್ನುತ್ತಾರೆ. ಇನ್ನು ಪ್ರತಿ ಒಂದೇ. ಅಣ್ಣ ಕತ್ತರಿಸಿದ್ದು ತಮ್ಮನಿಗೆ ಅಲ್ಲಿಯೇ ಕಾಣುವುದು. ನಡುವೆ ಕೂಡಿಸಿದ ಸ್ವಿಚ್ಚು ಗಿಗಾಬಿಟ್ಟಿನದು. ಕಾಗದದ ಮೇಲೆ ಸೆಕೆಂಡಿಗೆ 125 ಮೆಗಾಬೈಟು. ಕೈಗೆ ಸಿಕ್ಕುವುದು 110ರ ಆಸುಪಾಸು. ಇಬ್ಬರೂ ಎರಡೆರಡು ಕ್ಯಾಮೆರಾದ ಚಿತ್ರಗಳನ್ನು ಒಟ್ಟಿಗೆ ಓಡಿಸಿದರೂ ಬೇಕಾದದ್ದು 50. ಲೆಕ್ಕದಲ್ಲಿ ಕೊರತೆಯಿಲ್ಲ.

ಆದರೂ ಅಣ್ಣನ ಪರದೆಯ ಮೇಲೆ ಮದುಮಗ ತಾಳಿ ಕಟ್ಟಲು ಎತ್ತಿದ ಕೈ ಅಲ್ಲಿಯೇ ನಿಂತಿತು. ಮುಂದೆ ಒಂದು ಹೆಜ್ಜೆ, ಮತ್ತೆ ನಿಲುಗಡೆ. ಕಡತವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವಾಗ ನಡುವೆ ಅರೆಗಳಿಗೆ ತಡವಾದರೆ ಯಾರಿಗೂ ತಿಳಿಯದು. ಓಡುವ ಚಿತ್ರದ ಸಂಗತಿ ಬೇರೆ. ಸೆಕೆಂಡಿಗೆ 25 ಚೌಕಟ್ಟು. ಎಂದರೆ 40 ಮಿಲಿಸೆಕೆಂಡಿಗೊಮ್ಮೆ ಒಂದು ಚೌಕಟ್ಟು ಬಂದು ನಿಲ್ಲಲೇಬೇಕು. ಮುಂಚಿತವಾಗಿ ತುಂಬಿಟ್ಟುಕೊಂಡದ್ದು ತೀರಿದರೆ ಕ್ಷಮೆಯೆಂಬುದಿಲ್ಲ.

"ಎಲ್ಲಾ ನೀನ ಎಳ್ಕೊಳ್ಳಾಕತ್ತೀಯಲ್ಲೋ ತಮ್ಮಾ!"

"ನಂದು ಬಂದ್ ಮಾಡೇನಿ, ನೋಡಣ್ಣಾ."

ತಮ್ಮ ತನ್ನ ಯಂತ್ರವನ್ನು ಆರಿಸಿ ಕೈಕಟ್ಟಿ ನಿಂತ. ಮದುಮಗನ ಕೈ ಮತ್ತೆ ಅಲ್ಲಿಯೇ ನಿಂತಿತು. ಹಂಚಿಕೊಂಡ ವಸ್ತುವಿನಲ್ಲಿ ಕೊರತೆ ಕಂಡಾಗ ಕಣ್ಣು ಮೊದಲು ಹೋಗುವುದು ಪಾಲುದಾರನ ಮೇಲೆ. ಮಲಪ್ರಭೆಯ ಕಾಲುವೆಯ ಕೊನೆಯ ಹೊಲದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೇಲಿನ ಹೊಲದವನು ನಿಜವಾಗಿ ನೀರು ತಿರುಗಿಸಿಕೊಂಡಿರುವುದೂ ಉಂಟು. ನಡುವೆ ಕಾಲುವೆಯೇ ಒಡೆದಿರುವುದೂ ಉಂಟು.

ಇಲ್ಲಿ ಒಡೆದದ್ದು ಕಾಲುವೆ. ಎರಡು ದಿನದ ಮೇಲೆ ತಮ್ಮನ ಕಣ್ಣಿಗೆ ಸ್ವಿಚ್ಚಿನ ಮೇಲಿನ ದೀಪ ಬಿತ್ತು: ತನ್ನ ತಂತಿಯದು ಹಸಿರು, ಅಣ್ಣನದು ಕಿತ್ತಳೆ. ಆ ತಂತಿಯೊಳಗೆ ಎಂಟು ಎಳೆಗಳು, ನಾಲ್ಕು ಜೋಡಿ. ತಾಮ್ರದ ಮೇಲೆ ಗಿಗಾಬಿಟ್ ಸಾಗಿಸುವ ವಿಧಿ 1999ರಲ್ಲಿ ನಿಶ್ಚಯವಾದಾಗ ನಾಲ್ಕು ಜೋಡಿಗಳನ್ನೂ ದುಡಿಸಿಕೊಳ್ಳುವಂತೆ ಅದನ್ನು ರಚಿಸಿದರು. ಅವುಗಳಲ್ಲೊಂದು ಹರಿದರೆ ಯಂತ್ರಗಳು ತಮ್ಮತಮ್ಮಲ್ಲೇ ರಾಜಿ ಮಾಡಿಕೊಂಡು, ಎರಡೇ ಜೋಡಿ ಸಾಕಾಗುವ ಹಳೆಯ 100 ಮೆಗಾಬಿಟ್ಟಿಗೆ ಇಳಿಯುತ್ತವೆ. ಯಾರಿಗೂ ದೂರು ಹೇಳುವುದಿಲ್ಲ. ಅಂಥ ದಾರಿಯಲ್ಲಿ ಸೆಕೆಂಡಿಗೆ 12.5 ಮೆಗಾಬೈಟೂ ಪೂರ್ತಿ ಸಾಗದು. ಒಂದು ಕ್ಯಾಮೆರಾದ ಚಿತ್ರಕ್ಕೂ ಅದು ಸಾಲದು. ಕಪಾಟಿನ ಹಿಂದೆ ಇಲಿ ಆ ತಂತಿಯ ರುಚಿ ನೋಡಿತ್ತು. ಹೊಸ ತಂತಿ ಎಳೆದ ಸಂಜೆ ತಾಳಿ ಒಂದೇ ಓಟದಲ್ಲಿ ಕಟ್ಟಲ್ಪಟ್ಟಿತು. ಅಣ್ಣ ತಪ್ಪೊಪ್ಪಿಕೊಳ್ಳಲಿಲ್ಲ, ಮಿರ್ಚಿಭಜಿ ತರಿಸಿದ.

ಈಥರ್ನೆಟ್ಟಿನ ಹುಟ್ಟಿನಲ್ಲಿಯೇ ಇಂಥ ಹೊಂದಾಣಿಕೆಯಿದೆ. 1973ರಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಇದನ್ನು ಯೋಚಿಸಿ, ಡೇವಿಡ್ ಬಾಗ್ಸರೊಡನೆ ಕಟ್ಟಿದಾಗ ಎಲ್ಲ ಯಂತ್ರಗಳಿಗೂ ಒಂದೇ ತಂತಿ. ಮಾತನಾಡುವ ಮೊದಲು ಯಾರಾದರೂ ಮಾತನಾಡುತ್ತಿರುವರೇ ಎಂದು ಕೇಳಿಸಿಕೊಳ್ಳಬೇಕು; ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಇಬ್ಬರೂ ಸುಮ್ಮನಾಗಿ, ತುಸು ತಡೆದು ಮತ್ತೆ ಯತ್ನಿಸಬೇಕು. ನಮ್ಮ ಎಷ್ಟೋ ಸಭೆಗಳಲ್ಲಿ ಕಾಣದ ಮರ್ಯಾದೆ ಇದು! ಇಂದು ಸ್ವಿಚ್ಚು ಒಬ್ಬೊಬ್ಬರಿಗೂ ಬೇರೆ ದಾರಿ ಕೊಟ್ಟಿರುವುದರಿಂದ ಆ ಕಾಯುವಿಕೆ ಉಳಿದಿಲ್ಲ. ಉಳಿದ ಮರ್ಯಾದೆಯನ್ನು ಮನುಷ್ಯರೇ ಪಾಲಿಸಬೇಕು.

ಆದುದರಿಂದ ಆ ಕೋಣೆಯಲ್ಲಿ ಕೆಲವು ಕಟ್ಟಳೆಗಳಾದವು. ಒಬ್ಬನು ತೆರೆದ ಕೆಲಸದ ಕಡತವನ್ನು ಇನ್ನೊಬ್ಬನು ನೋಡಬಹುದು, ತಿದ್ದಬಾರದು. ಅಳಿಸುವುದಾದರೆ ಇಬ್ಬರೂ ಕುಳಿತು ಅಳಿಸಬೇಕು. ನಾಲ್ಕರಲ್ಲಿ ಒಂದು ಡಿಸ್ಕು ಸತ್ತರೆ ಉಳಿದ ಮೂರು ಅದರ ಸರಕನ್ನು ಮರಳಿ ಕಟ್ಟಿಕೊಡುತ್ತವೆ, ನಿಜ. ಆದರೆ ಮನುಷ್ಯನು ಅಳಿಸಿದ್ದನ್ನು ನಾಲ್ಕೂ ಸೇರಿ ಅಷ್ಟೇ ವಿಧೇಯತೆಯಿಂದ ಅಳಿಸುತ್ತವೆ. ಅದಕ್ಕಾಗಿ ಬೇರೊಂದು ಪ್ರತಿ ಬೇರೊಂದು ಮನೆಯಲ್ಲಿರಬೇಕೆಂದು, ತಮ್ಮ ರವಿವಾರಕ್ಕೊಮ್ಮೆ ಡಿಸ್ಕನ್ನು ಚೀಲದಲ್ಲಿಟ್ಟುಕೊಂಡು ರೈಲಿನಲ್ಲಿ ಹುಬ್ಬಳ್ಳಿಯ ಅಕ್ಕನ ಮನೆಗೆ ಹೋಗಿಬರುತ್ತಾನೆ. ಹೊರುವ ಕೆಲಸ ಪೂರ್ತಿ ತಪ್ಪಲಿಲ್ಲ.

ಹಳೆಯ ಸರಕನ್ನೆಲ್ಲ ಪೆಟ್ಟಿಗೆಗೆ ತುಂಬುವಾಗ, ಮೂಲೆಗೆ ಬಿದ್ದಿದ್ದ ಲ್ಯಾಪ್‌ಟಾಪೊಂದರಲ್ಲಿ ಸಣ್ಣ ಕಡತಗಳ ಒಂದು ಗಂಟು ಸಿಕ್ಕಿತು. ಭಾರವಾದ ಚಿತ್ರವನ್ನು ಓಡಿಸಲಾರದ ಯಂತ್ರಕ್ಕಾಗಿ ಮಾಡಿಕೊಳ್ಳುವ ಹಗುರ ಪ್ರತಿಗಳವು; ಪ್ರಾಕ್ಸಿ ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ಅವುಗಳನ್ನು ಕೇಳುವವರಿಲ್ಲ. ಅಳಿಸುವಷ್ಟು ಬೆಲೆಯೂ ಇಲ್ಲದೆ ಇವು ಉಳಿದಿದ್ದವು. ತಾರೀಖು ನೋಡಿ ಅಣ್ಣ ಒಂದನ್ನು ತೆರೆದ. ಮರುದಿನವೇ ನವಲಗುಂದಕ್ಕೆ ಫೋನು ಹೋಯಿತು.

ಮೊಮ್ಮಗಳು ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಬಂದಳು. ಪರದೆಯ ಮೇಲೆ ಆಯಿಯ ಮುಖ ಮಸುಕು. ಮೂಗುತಿ ಒಂದು ಬಿಳಿಯ ಚುಕ್ಕೆ. ಧ್ವನಿಗೆ ಮಾತ್ರ ಯಾವ ಊನವೂ ಆಗಿರಲಿಲ್ಲ. ನಡುವೆ ಯಾರೋ ತಟ್ಟೆ ಬೀಳಿಸಿದ್ದು, ಆಯಿ ಹಾಡು ನಿಲ್ಲಿಸಿ ಅವರನ್ನು ಗದರಿದ್ದು, ಮತ್ತೆ ಅಲ್ಲಿಂದಲೇ ಎತ್ತಿಕೊಂಡದ್ದು, ಎಲ್ಲ ಕೇಳಿಸಿತು. ಹಾಡು ಮುಗಿಯಿತು.

"ಇನ್ನೊಮ್ಮೆ ಹಚ್ಚ್ರಿ ಅಣ್ಣಾರ," ಎಂದಳು. "ಆ ಬೈದದ್ದು ಐತೆಲ್ಲ, ಅಲ್ಲಿಂದ."