ಡಕೋಟ ವಿಮಾನವೂ ಬೀದರ ಸೀಮೆಯೂ

ಬೀದರದಿಂದ ಔರಾದಿನ ಕಡೆಗೆ ಹೊರಟ ಪ್ರಯಾಣಿಕನು ಕೆಂಪು ಮುರಕಲ್ಲಿನ ಎತ್ತರದ ನೆಲವನ್ನು ಬಿಟ್ಟು ಮಾಂಜ್ರಾ ನದಿಯ ಬಯಲಿಗೆ ಇಳಿಯುತ್ತಾನೆ. ಜನವಾಡವು ಈ ದಾರಿಯಲ್ಲಿರುವ ಊರು. ತೊಗರಿ ಜೋಳಗಳ ಹೊಲದಲ್ಲಿ ನಿಂತವರಿಗೆ ವಿಮಾನದ ಸದ್ದು ಇಲ್ಲಿ ಹೊಸತಲ್ಲ. ವಾಯುಪಡೆಯ ವೈಮಾನಿಕರಿಗೆ ಶಿಕ್ಷಣ ಕೊಡುವ ಕೇಂದ್ರವು ಬೀದರದಲ್ಲಿಯೇ ಇರುವುದು. ಆದರೆ ವಿಮಾನವು ತಲೆಯ ಮೇಲೆ ಹಾರುವುದು ಬೇರೆ, ನಾವು ಅದನ್ನು ಏರುವುದು ಬೇರೆ. ಇವೆರಡರ ನಡುವಣ ದೂರವನ್ನು ಅಳೆಯಬೇಕಾದರೆ ಡಕೋಟ ವಿಮಾನದ ಚರಿತ್ರೆಯನ್ನು ಸ್ವಲ್ಪ ತಿಳಿಯಬೇಕು.

ಅಮೆರಿಕೆಯ ಡಗ್ಲಾಸ್ ಕಂಪೆನಿಯವರ ಡಿ.ಸಿ.-3 ವಿಮಾನವು ಮೊದಲು ಹಾರಿದ್ದು 1935ನೆಯ ಇಸವಿ ಡಿಸೆಂಬರ್ 17ರಂದು. ರೆಕ್ಕೆಯ ಹರವು 95 ಅಡಿ, ಪ್ರಯಾಣಿಕರು ಸಾಮಾನ್ಯವಾಗಿ 21 ಮಂದಿ, ಎಂಜಿನುಗಳು ಎರಡು. ಜೋಡೆತ್ತಿನ ಬಂಡಿಯಲ್ಲಿ ಒಂದೆತ್ತು ಮಲಗಿದರೆ ಬಂಡಿಯೇ ನಿಲ್ಲುವುದು. ಇಲ್ಲಿ ಹಾಗಲ್ಲ, ಹಾರುವಾಗ ಒಂದು ಎಂಜಿನು ಕೆಟ್ಟರೂ ಇನ್ನೊಂದರ ಬಲದಿಂದ ಸಮೀಪದ ನಿಲ್ದಾಣವನ್ನು ಸೇರಬಹುದಾಗಿತ್ತು. ಹದಮಾಡಿದ ಮಣ್ಣಿನ ಬಯಲಿದ್ದರೂ ಸಾಕು, ಅಲ್ಲಿ ಇಳಿಯುವುದು. ಅದಕ್ಕಿಂತ ಹಿಂದಿನ ವಿಮಾನ ಕಂಪೆನಿಗಳು ಅಂಚೆಯ ಹಣವನ್ನು ನೆಚ್ಚಿ ಬದುಕುತ್ತಿದ್ದವು; ಜನರ ಟಿಕೀಟಿನಿಂದಲೇ ಲಾಭ ತಂದ ಖ್ಯಾತಿ ಇದರದು.

ಎರಡನೆಯ ಮಹಾಯುದ್ಧದಲ್ಲಿ ಸೈನ್ಯಕ್ಕಾಗಿ ಇಂಥ ವಿಮಾನಗಳು ಹತ್ತು ಸಾವಿರದಷ್ಟು ನಿರ್ಮಾಣವಾದವು. ಡಕೋಟ ಎಂಬುದು ಬ್ರಿಟಿಷರು ಇಟ್ಟ ಹೆಸರು. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯು ಯುದ್ಧಕಾಲದಲ್ಲಿ ಅಮೆರಿಕನ್ನರ ವಿಮಾನಗಳನ್ನು ದುರಸ್ತುಮಾಡುತ್ತಿತ್ತು. ಯುದ್ಧ ಮುಗಿದ ಮೇಲೆ ಸೈನಿಕರ ಡಕೋಟಗಳನ್ನು ಗೃಹಸ್ಥರು ಕುಳಿತುಕೊಳ್ಳುವಂತೆ ಮಾರ್ಪಡಿಸಿದ ಕೈಗಳೂ ಅಲ್ಲಿಯವೇ. ಸಿಪಾಯಿಗಳ ಬಂಡಿಯು ಹೀಗೆ ಸಂಸಾರಿಗಳ ವಾಹನವಾಯಿತು.

ಆಗ ಬೀದರವು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತು. 1945ರಲ್ಲಿ ಸಂಸ್ಥಾನವೂ ಟಾಟಾ ಸಂಸ್ಥೆಯೂ ಕೂಡಿ ಡೆಕ್ಕನ್ ಏರ್‌ವೇಸ್ ಕಂಪೆನಿಯನ್ನು ಕಟ್ಟಿದವು. ಅದರ ಡಕೋಟಗಳು ಬೇಗಂಪೇಟೆಯಿಂದ ಹೊರಡುತ್ತಿದ್ದವು. ಪ್ರೇಮ್ ಮಾಥುರ್ ಎಂಬ ಮಹಿಳೆಯು 1947ರಲ್ಲಿ ಈ ಕಂಪೆನಿಯ ವೈಮಾನಿಕಳಾಗಿ ಸೇರಿ, ಭಾರತದಲ್ಲಿ ಪ್ರಯಾಣಿಕ ವಿಮಾನ ನಡೆಸಿದ ಮೊದಲ ಸ್ತ್ರೀಯೆಂದು ಹೆಸರಾದಳು. ಅದೇ ವರ್ಷ ಅಕ್ಟೋಬರ್ 27ರಂದು ಶ್ರೀನಗರಕ್ಕೆ ನಮ್ಮ ಸೈನಿಕರನ್ನು ಮುಟ್ಟಿಸಿದವುಗಳೂ ಡಕೋಟಗಳೇ. 1953ರಲ್ಲಿ ಖಾಸಗಿ ಕಂಪೆನಿಗಳೆಲ್ಲ ರಾಷ್ಟ್ರೀಕರಣಗೊಂಡಾಗ ಇಂಡಿಯನ್ ಏರ್‌ಲೈನ್ಸಿನ ಪಾಲಿಗೆ ಬಂದ ಡಕೋಟಗಳು 74.

ಸಣ್ಣ ಊರುಗಳಿಗೆ ಒಪ್ಪುವ ವಾಹನವು ನೆರೆಯ ರಾಜಧಾನಿಯಲ್ಲಿಯೇ ಇದ್ದರೂ ಬೀದರದವರು ಅದನ್ನು ಏರಲು ಹೈದರಾಬಾದಿಗೆ ಹೋಗಬೇಕಾಗಿತ್ತು. 1956ರಲ್ಲಿ ಬೀದರವು ಮೈಸೂರು ರಾಜ್ಯಕ್ಕೆ ಸೇರಿತು. ಬೆಂಗಳೂರು ರಾಜಧಾನಿಯಾಯಿತು, ದೂರ ಮಾತ್ರ ಕಡಮೆಯಾಗಲಿಲ್ಲ. ಬೀದರದಿಂದ ಬೆಂಗಳೂರಿಗೆ ಪ್ರಯಾಣಿಕ ವಿಮಾನವು ಆರಂಭವಾದುದು 2020ನೆಯ ಇಸವಿ ಫೆಬ್ರವರಿ 7ರಂದು. ಆ ಎ.ಟಿ.ಆರ್. ವಿಮಾನಕ್ಕೂ ಎಂಜಿನುಗಳು ಎರಡೇ, ಮುಂದೆ ತಿರುಗುವ ಪಂಖಗಳೂ ಎರಡೇ! ಮುಂದೆ ಆ ಸೇವೆಯು ನಿಂತುಹೋಗಿ, 2025ರಲ್ಲಿ ಬೇರೊಂದು ಕಂಪೆನಿಯಿಂದ ಮರಳಿ ಮೊದಲಾಯಿತು.

ವಾಚಕರೇ, ಪುಷ್ಪಕ ವಿಮಾನದ ಹಿರಿಮೆಯು ಅದರ ವೇಗದಿಂದಲೇ ಬಂದುದಲ್ಲ. ಅಗಲಿದವರನ್ನು ಅದು ಮನೆಗೆ ಮುಟ್ಟಿಸಿತು. ವೈದ್ಯನ ಬಳಿಗೆ ಹೊರಟ ರೋಗಿಗೂ ದೂರದಲ್ಲಿ ಓದುವ ಮಗನಿಗೂ ಬೇಕಾದುದು, ಹೇಳಿದ ದಿನ ತಪ್ಪದೆ ಹೊರಡುವ ವಾಹನ. ಹಾರುವ ವಿದ್ಯೆಯು ಡಕೋಟದ ಕಾಲದಲ್ಲಿಯೇ ಕೈಗೂಡಿತ್ತು. ಬೀದರದಂತಹ ಊರಿಗೆ ಅದನ್ನು ನಿತ್ಯವೂ ನಡೆಸಿಕೊಂಡು ಬರುವುದೇ ಉಳಿದಿರುವ ಕೆಲಸ.